ಕ್ವಾರ್ಟರ್‌ಬ್ಯಾಕ್ ಎಷ್ಟು ಒಳ್ಳೆಯವನು? ಪಾಸಿಂಗ್ ಅಂಕಿಅಂಶ ಓದುವ ಕ್ರಮ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಾಸ್ ಎಸೆದು ಆಕ್ರಮಣ ನಡೆಸುವವನು ಕ್ವಾರ್ಟರ್‌ಬ್ಯಾಕ್. ಆ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2019ರ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಪಾಸಿಂಗ್ ಯಾರ್ಡ್ (ಪಾಸ್‌ಗಳಿಂದ ತಂಡ ಮುಂದೆ ಸಾಗಿದ ದೂರ) ಗಳಿಸಿದವರು ಟ್ಯಾಂಪಾ ಬೇ ಬಕನೀರ್ಸ್‌ನ ಜೇಮಿಸ್ ವಿನ್‌ಸ್ಟನ್. 5,109 ಯಾರ್ಡ್, 33 ಟಚ್‌ಡೌನ್ (ಚೆಂಡು ಗೋಲ್ ಗೆರೆ ದಾಟಿದ್ದು). ಸೀಸನ್ ಮುಗಿದ ಮೇಲೆ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ. ಆ ಜಾಗಕ್ಕೆ 42 ವರ್ಷದ ಟಾಮ್ ಬ್ರೇಡಿಯನ್ನು ತಂದಿತು. ಯಾರ್ಡ್ ಪಟ್ಟಿಯನ್ನಷ್ಟೇ ನೋಡಿದವರಿಗೆ ಇದು ಹುಚ್ಚಾಟವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ಸಾಲಿನಲ್ಲಿ ಇನ್ನೂ ಮೂರು ಸಂಖ್ಯೆಗಳಿದ್ದವು: 30 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್), 47 ಸ್ಯಾಕ್ (ಎಸೆಯುವ ಮೊದಲೇ ಬೀಳಿಸಿದ್ದು), ಆ ಸ್ಯಾಕ್‌ಗಳಲ್ಲಿ ಹೋದ 282 ಯಾರ್ಡ್.

ಈ ಐದು ಸಂಖ್ಯೆಗಳನ್ನು ಒಟ್ಟಿಗೆ ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಬೇಕಾಗುವುದು ಒಂದು ಸ್ಪ್ರೆಡ್‌ಶೀಟ್ ಮತ್ತು ಪ್ರೋ ಫುಟ್‌ಬಾಲ್ ರೆಫರೆನ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಸೀಸನ್‌ನ ಪಾಸಿಂಗ್ ಪಟ್ಟಿ. ಭಾನುವಾರ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಶುರುವಾಗುವ ಪಂದ್ಯವನ್ನು ಬೆಂಗಳೂರಿನಲ್ಲಿ ಕೂತು ನೋಡಿ, ಬೆಳಗ್ಗೆ ಬಾಕ್ಸ್ ಸ್ಕೋರ್ ತೆರೆಯುವವರಿಗೂ ಇಷ್ಟು ಸಾಕು.

ಮೊದಲ ಹಂತ: ಭಾಗಿಸುವ ಸಂಖ್ಯೆ ಸರಿ ಮಾಡಿಕೊಳ್ಳಿ

ಒಟ್ಟು ಯಾರ್ಡ್, ಒಟ್ಟು ಟಚ್‌ಡೌನ್ ಹೇಳುವುದು ಆತ ಎಷ್ಟು ಕೆಲಸ ಮಾಡಿದ ಎಂಬುದನ್ನು. ಎಷ್ಟು ಚೆನ್ನಾಗಿ ಮಾಡಿದ ಎಂಬುದನ್ನಲ್ಲ. ಎಷ್ಟು ಬಾಲ್ ಆಡಿದ ಎಂದು ಕೇಳದೆ ರನ್ ಮಾತ್ರ ಕೇಳಿದ ಹಾಗೆ. ಸೋಲುತ್ತಿರುವ ತಂಡ ಗಡಿಯಾರದ ಜೊತೆ ಓಡಬೇಕಾದ್ದರಿಂದ ಹೆಚ್ಚು ಪಾಸ್ ಎಸೆಯುತ್ತದೆ, ಗೆಲ್ಲುತ್ತಿರುವ ತಂಡ ಚೆಂಡನ್ನು ಓಡುವ ಆಟಗಾರ, ಅಂದರೆ ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಸಮಯ ಕಳೆಯುತ್ತದೆ. ಹಾಗಾಗಿ ಕೆಟ್ಟ ತಂಡದ ಕ್ವಾರ್ಟರ್‌ಬ್ಯಾಕ್‌ನ ಯಾರ್ಡ್ ತಾನಾಗಿಯೇ ಉಬ್ಬಬಹುದು.

ಭಾಗಿಸಲೇಬೇಕು. ಆದರೆ ಯಾವುದರಿಂದ? ಬಹುತೇಕರು ಎಸೆತಗಳ ಸಂಖ್ಯೆಯಿಂದ ಭಾಗಿಸಿ ಅಲ್ಲಿಗೇ ನಿಲ್ಲುತ್ತಾರೆ. ಎಡವುವುದೇ ಇಲ್ಲಿ. ಪಾಸ್ ಎಸೆಯಬೇಕೆಂದು ಹಿಂದೆ ಸರಿದು, ಎಸೆಯುವ ಮೊದಲೇ ನೆಲಕ್ಕೆ ಬಿದ್ದರೆ ಅದು ಸ್ಯಾಕ್. ಎನ್‌ಎಫ್‌ಎಲ್ ಲೆಕ್ಕದಲ್ಲಿ ಅದು ಎಸೆತವಲ್ಲ. ಅಲ್ಲಿ ಹೋದ ಯಾರ್ಡ್ ಆಟಗಾರನ ಪಾಸಿಂಗ್ ಯಾರ್ಡ್‌ನಿಂದ ಕಳೆಯುವುದೂ ಇಲ್ಲ. ತಂಡದ ಪಾಸಿಂಗ್ ಯಾರ್ಡ್‌ನಿಂದ ಮಾತ್ರ ಕಳೆಯುತ್ತಾರೆ. ತಂಡದ ಮೊತ್ತಕ್ಕೂ ಆಟಗಾರರ ಮೊತ್ತಕ್ಕೂ ತಾಳೆಯಾಗದೆ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದೇ. ಆದ್ದರಿಂದ ಎಸೆತಕ್ಕೆ ಸ್ಯಾಕ್ ಸೇರಿಸಿ, ಆ ಮೊತ್ತದಿಂದ ಭಾಗಿಸಿ. ವಿನ್‌ಸ್ಟನ್ ವಿಷಯದಲ್ಲಿ 626 ಎಸೆತ, 47 ಸ್ಯಾಕ್, ಒಟ್ಟು 673.

ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸುವಾಗ ಕಾಲಂಗಳ ಮೇಲೆ ಕಣ್ಣಿರಲಿ. ಪಾಸಿಂಗ್ ಯಾರ್ಡ್‌ಗೊಂದು, ಸ್ಯಾಕ್‌ನಲ್ಲಿ ಕಳೆದ ಯಾರ್ಡ್‌ಗೊಂದು ಎಂದು ಎರಡು ಯಾರ್ಡ್ ಕಾಲಂ ಇರುತ್ತವೆ, ತಲೆಬರಹ ಒಂದೇ ತೆರನಾಗಿ ಕಾಣುವುದುಂಟು. ಇಳಿಸಿದ ಕೂಡಲೇ ಎರಡನೆಯದಕ್ಕೆ ಬೇರೆ ಹೆಸರು ಕೊಟ್ಟುಬಿಡಿ. ಸೂತ್ರ ತಪ್ಪು ಕಾಲಂ ಹಿಡಿದರೆ ಉತ್ತರ ನಂಬುವಂತೆಯೇ ಬರುತ್ತದೆ, ಅದೇ ಅಪಾಯ.

ಎರಡನೇ ಹಂತ: ಒಂದು ಸಾಲಿನ ಲೆಕ್ಕ

ಒಂದೇ ಒಂದು ಅಳತೆ ಇಟ್ಟುಕೊಳ್ಳಿ ಎಂದರೆ ನಮ್ಮ ಆಯ್ಕೆ ಎಎನ್‌ವೈ/ಎ (ಅಡ್ಜಸ್ಟೆಡ್ ನೆಟ್ ಯಾರ್ಡ್ಸ್ ಪರ್ ಅಟೆಂಪ್ಟ್). ಪ್ರತಿ ಪ್ರಯತ್ನಕ್ಕೆ ಸಿಕ್ಕ ನಿವ್ವಳ ಯಾರ್ಡ್, ಅದಕ್ಕೆ ಟಚ್‌ಡೌನ್ ಮತ್ತು ಇಂಟರ್‌ಸೆಪ್ಷನ್‌ಗಳ ತೂಕ ಸೇರಿಸಿದ್ದು. ಕಾಗದದ ಮೇಲೇ ಮಾಡಬಹುದು:

ಪಾಸಿಂಗ್ ಯಾರ್ಡ್ + 20 × ಟಚ್‌ಡೌನ್ − 45 × ಇಂಟರ್‌ಸೆಪ್ಷನ್ − ಸ್ಯಾಕ್‌ನಲ್ಲಿ ಕಳೆದ ಯಾರ್ಡ್. ಇದನ್ನು ಎಸೆತ + ಸ್ಯಾಕ್‌ನಿಂದ ಭಾಗಿಸಿ.

20 ಮತ್ತು 45 ಬಾಯಿಗೆ ಬಂದ ಸಂಖ್ಯೆಗಳಲ್ಲ. ಚೆಂಡು ಎದುರಾಳಿಯ ಕೈಸೇರಿದಾಗ ಮೈದಾನದ ಮೇಲೆ ಸರಾಸರಿ ಎಷ್ಟು ಯಾರ್ಡ್‌ನ ನಷ್ಟ, ಗೋಲ್ ಗೆರೆಯ ಹತ್ತಿರ ಬಂದು ನಿಲ್ಲುವುದಕ್ಕೂ ಗೆರೆ ದಾಟುವುದಕ್ಕೂ ಎಷ್ಟು ಯಾರ್ಡ್‌ನ ಬೆಲೆ ವ್ಯತ್ಯಾಸ ಎಂದು ಅಂದಾಜು ಮಾಡಿ ಇಟ್ಟ ತೂಕಗಳು ಅವು.

ವಿನ್‌ಸ್ಟನ್ ಲೆಕ್ಕ ಹಾಕೋಣ. 5,109ಕ್ಕೆ ಟಚ್‌ಡೌನ್‌ಗಳ 660 ಸೇರಿಸಿದರೆ 5,769. ಇಂಟರ್‌ಸೆಪ್ಷನ್‌ಗಳ 1,350 ಕಳೆದರೆ 4,419. ಸ್ಯಾಕ್‌ನ 282 ಕಳೆದರೆ 4,137. ಅದನ್ನು 673ರಿಂದ ಭಾಗಿಸಿದರೆ 6.15. ಈಚಿನ ವರ್ಷಗಳಲ್ಲಿ ಲೀಗ್‌ನ ಸರಾಸರಿ 6ರ ಆಸುಪಾಸಿನಲ್ಲಿದೆ. ಅಂದರೆ ಯಾರ್ಡ್ ಪಟ್ಟಿಯ ತುದಿಯಲ್ಲಿದ್ದ ಮನುಷ್ಯ ಸಾಧಾರಣ ಕ್ವಾರ್ಟರ್‌ಬ್ಯಾಕ್‌ನಷ್ಟೇ ಲಾಭ ತಂದುಕೊಟ್ಟಿದ್ದರು. ಒಂದೇ ಸೀಸನ್‌ನಲ್ಲಿ 30 ಟಚ್‌ಡೌನ್ ಮತ್ತು 30 ಇಂಟರ್‌ಸೆಪ್ಷನ್ ಎರಡನ್ನೂ ಎಸೆದ ಮೊದಲ ಆಟಗಾರ ಅವರೇ.

ಈಗ ದೊಡ್ಡ ಹೆಸರುಗಳಿಗೆ ಬರೋಣ. 2013ರಲ್ಲಿ ಡೆನ್ವರ್‌ನ ಪೇಟನ್ ಮ್ಯಾನಿಂಗ್ 659 ಎಸೆತದಲ್ಲಿ 5,477 ಯಾರ್ಡ್, 55 ಟಚ್‌ಡೌನ್ ಗಳಿಸಿದರು. 10 ಇಂಟರ್‌ಸೆಪ್ಷನ್, 18 ಸ್ಯಾಕ್, ಅದರಲ್ಲಿ 120 ಯಾರ್ಡ್ ನಷ್ಟ. 2011ರಲ್ಲಿ ಗ್ರೀನ್ ಬೇಯ ಆರನ್ ರಾಡ್ಜರ್ಸ್ 502 ಎಸೆತದಲ್ಲಿ 4,643 ಯಾರ್ಡ್, 45 ಟಚ್‌ಡೌನ್. 6 ಇಂಟರ್‌ಸೆಪ್ಷನ್, 36 ಸ್ಯಾಕ್, 219 ಯಾರ್ಡ್ ನಷ್ಟ. ಒಟ್ಟು ಲೆಕ್ಕದಲ್ಲಿ ಮ್ಯಾನಿಂಗ್ 834 ಯಾರ್ಡ್, 10 ಟಚ್‌ಡೌನ್ ಮುಂದೆ. ಲೆಕ್ಕ ಹಾಕಿದರೆ ಮ್ಯಾನಿಂಗ್ 8.87, ರಾಡ್ಜರ್ಸ್ 9.39. ಎರಡೂ ಅಪರೂಪದ ಸೀಸನ್‌ಗಳೇ. ಆದರೆ ಪ್ರತಿ ಸಲ ಪಾಸ್‌ಗೆಂದು ಹಿಂದೆ ಸರಿದಾಗ ಅರ್ಧ ಯಾರ್ಡ್ ಹೆಚ್ಚು ತಂದವರು ರಾಡ್ಜರ್ಸ್. ಐನೂರು ಪ್ರಯತ್ನಗಳ ಮೇಲೆ ಅದು 260 ಯಾರ್ಡ್ ಆಗುತ್ತದೆ.

ಕೆಲವು ಪಂದ್ಯಗಳ ಸರಾಸರಿ ಬೇಕಿದ್ದರೆ ಪಂದ್ಯವಾರು ಅಂಕಗಳನ್ನು ಕೂಡಿ ಭಾಗಿಸಬೇಡಿ. 20 ಎಸೆತದ ಪಂದ್ಯಕ್ಕೂ 50 ಎಸೆತದ ಪಂದ್ಯಕ್ಕೂ ಒಂದೇ ತೂಕ ಬಿದ್ದು ಉತ್ತರ ಕೆಡುತ್ತದೆ. ಯಾರ್ಡ್, ಟಚ್‌ಡೌನ್ ಎಲ್ಲವನ್ನೂ ಮೊದಲು ಕೂಡಿಸಿ, ಸೂತ್ರವನ್ನು ಕೊನೆಗೆ ಒಮ್ಮೆ ಹಾಕಿ.

ಮೂರನೇ ಹಂತ: ಪಾಸರ್ ರೇಟಿಂಗ್ ಏನನ್ನು ಹೊಗಳುತ್ತದೆ ಎಂದು ತಿಳಿದುಕೊಂಡು ಓದಿ

ಟಿವಿಯಲ್ಲಿ ಕಾಣುವ 158.3ರ ಗರಿಷ್ಠ ಮಿತಿಯ ರೇಟಿಂಗ್ ಎನ್‌ಎಫ್‌ಎಲ್‌ನಲ್ಲಿ 1973ರಿಂದ ಬಳಕೆಯಲ್ಲಿದೆ. ನಾಲ್ಕು ಭಾಗ ಅದಕ್ಕೆ:

ಅ) ಪೂರ್ಣಗೊಂಡ (ತನ್ನ ತಂಡದವರೇ ಹಿಡಿದ) ಪಾಸ್ ÷ ಎಸೆತ, ಅದರಿಂದ 0.3 ಕಳೆದು 5ರಿಂದ ಗುಣಿಸಿ.
ಆ) ಯಾರ್ಡ್ ÷ ಎಸೆತ, ಅದರಿಂದ 3 ಕಳೆದು 0.25ರಿಂದ ಗುಣಿಸಿ.
ಇ) ಟಚ್‌ಡೌನ್ ÷ ಎಸೆತ, 20ರಿಂದ ಗುಣಿಸಿ.
ಈ) ಇಂಟರ್‌ಸೆಪ್ಷನ್ ÷ ಎಸೆತ, 25ರಿಂದ ಗುಣಿಸಿ, ಬಂದದ್ದನ್ನು 2.375ರಿಂದ ಕಳೆಯಿರಿ.

ಯಾವ ಭಾಗವೂ ಸೊನ್ನೆಗಿಂತ ಕೆಳಗೆ, 2.375ಕ್ಕಿಂತ ಮೇಲೆ ಹೋಗುವಂತಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಮಿನ್ ಮತ್ತು ಮ್ಯಾಕ್ಸ್ ಎರಡೂ ಹಾಕಬೇಕು. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ. ಸೂತ್ರ ಸರಿ ಕೂತಿದೆಯೇ ಎಂದು ನೋಡಲು ರಾಡ್ಜರ್ಸ್ ಸೀಸನ್ ಹಾಕಿ: 502 ಎಸೆತದಲ್ಲಿ 343 ಪೂರ್ಣ. ನಾಲ್ಕು ಭಾಗಗಳು 1.916, 1.562, 1.793, 2.076 ಬರಬೇಕು, ರೇಟಿಂಗ್ 122.5. ಒಂದು ಸೀಸನ್‌ನ ದಾಖಲೆ ಅದು. ಅಷ್ಟು ಬರದಿದ್ದರೆ ಎಲ್ಲೋ ಶೇಕಡಾವನ್ನು ಭಿನ್ನರಾಶಿಯ ಜಾಗದಲ್ಲಿ ಹಾಕಿದ್ದೀರಿ, 0.683 ಇರಬೇಕಾದ ಕಡೆ 68.3 ಕೂತಿರುತ್ತದೆ.

ಈ ಸೂತ್ರವನ್ನು ಬಿಚ್ಚಿ ನೋಡಿದರೆ ಒಳಗಿನ ಬೆಲೆಪಟ್ಟಿ ಕಾಣುತ್ತದೆ. ಒಂದು ಯಾರ್ಡ್‌ಗೆ 0.25, ಒಂದು ಪೂರ್ಣ ಪಾಸ್‌ಗೆ 5. ಅಂದರೆ ಪಾಸ್ ಪೂರ್ಣವಾಯಿತು ಎಂಬ ಒಂದೇ ಕಾರಣಕ್ಕೆ 20 ಯಾರ್ಡ್‌ನ ಬೋನಸ್! ಟಚ್‌ಡೌನ್‌ಗೆ 80 ಯಾರ್ಡ್, ಇಂಟರ್‌ಸೆಪ್ಷನ್‌ಗೆ 100 ಯಾರ್ಡ್ ದಂಡ. ಸ್ಯಾಕ್‌ಗೆ ಬೆಲೆಯೇ ಇಲ್ಲ. ಪಾಸ್ ಹಿಡಿದ ರಿಸೀವರ್ ಒಂದು ಯಾರ್ಡ್ ಗೆರೆಯಲ್ಲಿ ಬಿದ್ದು, ಮುಂದಿನ ಆಟದಲ್ಲಿ (ಅದೇ ಪಂದ್ಯದ ಮುಂದಿನ ಪ್ಲೇನಲ್ಲಿ) ರನ್ನಿಂಗ್ ಬ್ಯಾಕ್ ಚೆಂಡನ್ನು ಒಳಗೆ ಹಾಕಿದರೆ ಕ್ವಾರ್ಟರ್‌ಬ್ಯಾಕ್‌ಗೆ ಆ 80 ಯಾರ್ಡ್ ತಪ್ಪಿತು, ಎಸೆತ ಮಾತ್ರ ಅದೇ. ಇನ್ನು ಆಟ ಶುರುವಾಗುವ ಗೆರೆಯ ಹಿಂದಿರುವವನಿಗೇ ಎಸೆದು, ಒಂದು ಯಾರ್ಡ್ ಗಳಿಸಿದ ಪಾಸ್‌ಗೂ ಬೋನಸ್ ಪೂರ್ತಿ ಸಿಗುತ್ತದೆ. ಎಲ್ಲಾ ಪಾಸ್‌ಗಳನ್ನೂ ನೆಲಕ್ಕೆ ಎಸೆದವನಿಗೂ 39.6 ಬರುತ್ತದೆ, ಇಂಟರ್‌ಸೆಪ್ಷನ್ ಇಲ್ಲದ ಕಾರಣ.

ಹಾಗಂತ ರೇಟಿಂಗ್ ಕಸದಬುಟ್ಟಿಗೆ ಹಾಕುವಂಥದ್ದಲ್ಲ. ಸ್ಯಾಕ್ ಮಾಹಿತಿ ಸರಿಯಾಗಿ ಸಿಗದ ಹಳೆಯ ವರ್ಷಗಳಿಗೆ ಅದೇ ಗತಿ. ಚಿಕ್ಕ ಪಾಸ್ ಎಸೆಯುವವರನ್ನು ಅದು ಮೇಲೆತ್ತುತ್ತದೆ, ಸ್ಯಾಕ್ ತಿನ್ನುವವರನ್ನು ಮುಚ್ಚಿಡುತ್ತದೆ ಎಂಬುದು ನೆನಪಿದ್ದರೆ ಸಾಕು.

ಚಿಕ್ಕ ಪಾಸ್‌ನ ಮಾತು ಬಂದಾಗ ಸ್ಯಾಮ್ ಬ್ರಾಡ್‌ಫರ್ಡ್ ನೆನಪಾಗಲೇಬೇಕು. 2016ರಲ್ಲಿ ಮಿನ್ನೆಸೋಟಾ ಪರ 552ರಲ್ಲಿ 395 ಪಾಸ್ ಪೂರ್ಣ, 71.6 ಶೇಕಡಾ. ಆ ಹೊತ್ತಿಗೆ ಲೀಗ್‌ನ ದಾಖಲೆ. ಆದರೆ ಯಾರ್ಡ್ 3,877 ಮಾತ್ರ, ಎಸೆತಕ್ಕೆ 7.0, ಸಾಧಾರಣ. ತಂಡ 8 ಗೆದ್ದು 8 ಸೋತಿತು. ಪೂರ್ಣಗೊಂಡ ಶೇಕಡಾ ಹೆಚ್ಚಿದ್ದೂ ಎಸೆತಕ್ಕೆ ಸಿಗುವ ಯಾರ್ಡ್ ಸಾಧಾರಣವಿದ್ದರೆ ಆತ ಹತ್ತಿರದವರಿಗೇ ಎಸೆಯುತ್ತಿದ್ದಾನೆ ಎಂದು ಧಾರಾಳವಾಗಿ ಊಹಿಸಬಹುದು. ಎಸೆತದ ಸರಾಸರಿ ದೂರ ಕೊಡುವ ಪಟ್ಟಿ ಸಿಕ್ಕರೆ ಖಚಿತ ಮಾಡಿಕೊಳ್ಳಿ. ಲೀಗ್‌ನಲ್ಲಿ ಅದು ಎಂಟು ಯಾರ್ಡ್‌ನ ಅತ್ತಿತ್ತ ಇರುತ್ತದೆ.

ನಾಲ್ಕನೇ ಹಂತ: ಸ್ಯಾಕ್ ಯಾರ ಖಾತೆಗೆ?

ಸ್ಯಾಕ್ ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಕಾವಲಿರುವ ಆಕ್ರಮಣ ಸಾಲಿನ ತಪ್ಪು ಎಂಬ ಮಾತು ಸಲೀಸಾಗಿ ಬಂದುಬಿಡುತ್ತದೆ. ಅರ್ಧ ಮಾತ್ರ ನಿಜ. ಸ್ಯಾಕ್ ಶೇಕಡಾ, ಅಂದರೆ ಸ್ಯಾಕ್ ÷ (ಎಸೆತ + ಸ್ಯಾಕ್), ಕ್ವಾರ್ಟರ್‌ಬ್ಯಾಕ್ ತಂಡ ಬದಲಿಸಿದರೂ ಬೆನ್ನು ಬಿಡದೆ ಹೋಗುವುದುಂಟು. ರಸೆಲ್ ವಿಲ್ಸನ್ ಸಿಯಾಟಲ್‌ನಲ್ಲಿ 2013ರಿಂದ 2020ರವರೆಗೆ ಪ್ರತಿ ಸೀಸನ್ 40ಕ್ಕಿಂತ ಹೆಚ್ಚು ಸ್ಯಾಕ್ ಆದರು. ಸಾಲೇ ಸರಿಯಿಲ್ಲ ಎಂದು ಎಲ್ಲರೂ ಅಂದರು. 2022ರಲ್ಲಿ ಡೆನ್ವರ್‌ಗೆ ಹೋದರು, ಅಲ್ಲಿ 55. ಮ್ಯಾನಿಂಗ್ ನೋಡಿ, 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 16, 2012ರಲ್ಲಿ ಡೆನ್ವರ್‌ನಲ್ಲಿ 21. ಬೇರೆ ಊರು, ಬೇರೆ ಸಾಲು, ಅದೇ ಅಭ್ಯಾಸ: ಚೆಂಡನ್ನು ಬೇಗ ಬಿಡುವುದು.

ಲೀಗ್‌ನ ಸರಾಸರಿ ಸುಮಾರು 6.5ರಿಂದ 7 ಶೇಕಡಾ. ಮೇಲಿನ ಸೀಸನ್‌ಗಳಲ್ಲಿ ಮ್ಯಾನಿಂಗ್ 2.7, ರಾಡ್ಜರ್ಸ್ 6.7, ವಿನ್‌ಸ್ಟನ್ 7.0. ರಾಡ್ಜರ್ಸ್‌ಗೂ ವಿನ್‌ಸ್ಟನ್‌ಗೂ ಸ್ಯಾಕ್ ಹೆಚ್ಚುಕಡಿಮೆ ಒಂದೇ, ಇಂಟರ್‌ಸೆಪ್ಷನ್ ಮಾತ್ರ ಆರು ಮತ್ತು ಮೂವತ್ತು. ದಾರಿ ಕಾಣದಾಗ ಚೆಂಡನ್ನು ಹಿಡಿದುಕೊಂಡು ಬೀಳುವ ಆಟಗಾರ ಇಂಟರ್‌ಸೆಪ್ಷನ್ ತಪ್ಪಿಸಿಕೊಂಡು ಸ್ಯಾಕ್ ಕೊಳ್ಳುತ್ತಾನೆ, ವ್ಯಾಪಾರ ಅದು. ಇಂಟರ್‌ಸೆಪ್ಷನ್ ಕಡಿಮೆ ಎಂದು ಹೊಗಳುವ ಮೊದಲು ಅದಕ್ಕೆ ಸ್ಯಾಕ್‌ನಲ್ಲಿ ಎಷ್ಟು ತೆತ್ತ ಎಂದು ನೋಡಬೇಕು. ಎರಡೂ ಹೆಚ್ಚಿದ್ದರೆ ಸಮರ್ಥಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಸ್ಯಾಕ್ ಆಗುವಾಗ ಕೈಯಿಂದ ಜಾರಿದ ಚೆಂಡು, ಅಂದರೆ ಫಂಬಲ್, ಪಾಸಿಂಗ್ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಎಎನ್‌ವೈ/ಎ ಕೂಡ ಅದನ್ನು ಹಿಡಿಯದು. ಫಂಬಲ್ ಕಾಲಂ ಬೇರೆ ಪುಟದಿಂದ ತಂದು ಪಕ್ಕದಲ್ಲಿಟ್ಟುಕೊಳ್ಳಿ.

ಐದನೇ ಹಂತ: ಸಂಖ್ಯೆ ಗಟ್ಟಿಯೋ, ಅದೃಷ್ಟವೋ?

ಒಳ್ಳೊಳ್ಳೆಯ ವಿಶ್ಲೇಷಕರೂ ಮುಗ್ಗರಿಸುವ ಜಾಗ ಇದು. ಇಂದಿನ ಲೀಗ್‌ನಲ್ಲಿ ಇಂಟರ್‌ಸೆಪ್ಷನ್ ಪ್ರಮಾಣ ಸುಮಾರು 2.3 ಶೇಕಡಾ. ಸರಿಯಾಗಿ ಅಷ್ಟೇ ಸಾಮರ್ಥ್ಯದ ಒಬ್ಬ ಕ್ವಾರ್ಟರ್‌ಬ್ಯಾಕ್ 500 ಪಾಸ್ ಎಸೆದ ಎಂದಿಟ್ಟುಕೊಳ್ಳಿ. ಸರಾಸರಿಯಲ್ಲಿ 11.5 ಇಂಟರ್‌ಸೆಪ್ಷನ್ ಆಗಬೇಕು. ಆದರೆ ಸಂಭವನೀಯತೆಯ ಲೆಕ್ಕದಲ್ಲಿ ಪ್ರಮಾಣಿತ ವಿಚಲನೆ 500 × 0.023 × 0.977ರ ವರ್ಗಮೂಲ, ಸುಮಾರು 3.4. ಅಂದರೆ ಮೂರರಲ್ಲಿ ಎರಡು ಸೀಸನ್ 8ರಿಂದ 15ರ ನಡುವೆ, ಮೂರನೆಯದು ಅದರ ಹೊರಗೆ! ಒಂದು ವರ್ಷ 7, ಮರುವರ್ಷ 15 ಎಸೆದವನು ಆಟ ಮರೆತಿದ್ದಾನೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ರಿಸೀವರ್‌ನ ಕೈಗೆ ತಗುಲಿ ಮೇಲಕ್ಕೆ ಚಿಮ್ಮಿದ ಎರಡು ಚೆಂಡು ಎದುರಾಳಿಯ ಮಡಿಲಿಗೆ ಬಿದ್ದಿದ್ದರೂ ಸಾಕು, ಅಷ್ಟು ವ್ಯತ್ಯಾಸದ ಕಾಲುಭಾಗ ಅಲ್ಲೇ ಬಂತು.

ಟಚ್‌ಡೌನ್ ಪ್ರಮಾಣವೂ ಹೀಗೇ ಏರಿಳಿಯುತ್ತದೆ. ಪೂರ್ಣಗೊಂಡ ಶೇಕಡಾ ಮತ್ತು ಸ್ಯಾಕ್ ಶೇಕಡಾ ಅದಕ್ಕಿಂತ ಸ್ಥಿರ. ಮುಂದಿನ ಸೀಸನ್ ಊಹಿಸಬೇಕಿದ್ದರೆ ಇಂಟರ್‌ಸೆಪ್ಷನ್ ಮತ್ತು ಟಚ್‌ಡೌನ್ ಪ್ರಮಾಣಗಳನ್ನು ಲೀಗ್‌ನ ಸರಾಸರಿಯತ್ತ ಅರ್ಧಕ್ಕಿಂತ ಹೆಚ್ಚೇ ಎಳೆದುಕೊಳ್ಳಿ, ಸ್ಯಾಕ್ ಶೇಕಡಾವನ್ನು ಸ್ವಲ್ಪ ಮಾತ್ರ. ಫ್ಯಾಂಟಸಿ ಲೀಗ್ ಆಡುವ ಅಮೆರಿಕದ ಕನ್ನಡಿಗರು ಇದೊಂದನ್ನು ಪಾಲಿಸಿದರೂ ಆಟಗಾರರನ್ನು ಆರಿಸುವ ಡ್ರಾಫ್ಟ್ ದಿನ ಲಾಭ: ಹಿಂದಿನ ವರ್ಷ ಎಂಟು-ಒಂಬತ್ತು ಶೇಕಡಾ ಎಸೆತ ಟಚ್‌ಡೌನ್ ಆಗಿದ್ದವನಿಗೆ ಹೆಚ್ಚು ಬೆಲೆ ಕೊಡಬೇಡಿ.

ಸಣ್ಣ ಲೆಕ್ಕ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಮ್ಯಾಟ್ ಫ್ಲಿನ್ ಅವರಿಗಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ. 2011ರ ಸೀಸನ್‌ನ ಕೊನೆಯ ಪಂದ್ಯ, 2012ರ ಜನವರಿ 1. ಗ್ರೀನ್ ಬೇ ರಾಡ್ಜರ್ಸ್‌ಗೆ ವಿಶ್ರಾಂತಿ ಕೊಟ್ಟು ಫ್ಲಿನ್‌ರನ್ನು ಇಳಿಸಿತು. ಡೆಟ್ರಾಯಿಟ್ ವಿರುದ್ಧ 44ರಲ್ಲಿ 31 ಪೂರ್ಣ, 480 ಯಾರ್ಡ್, 6 ಟಚ್‌ಡೌನ್, 1 ಇಂಟರ್‌ಸೆಪ್ಷನ್, ರೇಟಿಂಗ್ 136.4. ಟಚ್‌ಡೌನ್ ಭಾಗ ಸೂತ್ರದ ಮಿತಿ ದಾಟಿ 2.375ಕ್ಕೇ ನಿಂತಿತು. ಮಾರ್ಚ್‌ನಲ್ಲಿ ಸಿಯಾಟಲ್ ಅವರನ್ನು ಕರೆದುಕೊಂಡಿತು. ಆ ವರ್ಷದ ತರಬೇತಿ ಶಿಬಿರದಲ್ಲಿ ಜಾಗ ಗಿಟ್ಟಿಸಿದ್ದು ಆಗಷ್ಟೇ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಬಂದ ಹೊಸಬ, ಮೇಲೆ ಹೇಳಿದ ರಸೆಲ್ ವಿಲ್ಸನ್. ಆ ಭಾನುವಾರದ ಅಂಕಿಗಳು ಫ್ಲಿನ್ ಬಗ್ಗೆ ಹೇಳಿದ್ದು ಅಷ್ಟಕ್ಕಷ್ಟೇ, ಗ್ರೀನ್ ಬೇಯ ರಿಸೀವರ್‌ಗಳ ಬಗ್ಗೆ ಮತ್ತು ಆಕ್ರಮಣದ ರಚನೆಯ ಬಗ್ಗೆ ಹೇಳಿದ್ದು ಬಹಳ.

ಋತುವಿನ ರೇಟಿಂಗ್ ಪಟ್ಟಿಗೆ ಸೇರಲು ಎನ್‌ಎಫ್‌ಎಲ್ ತಂಡದ ಪ್ರತಿ ಪಂದ್ಯಕ್ಕೆ 14 ಎಸೆತ ಕೇಳುತ್ತದೆ, 17 ಪಂದ್ಯದ ಸೀಸನ್‌ಗೆ 238. ಅಷ್ಟರಿಂದ ಪಟ್ಟಿಗೆ ಹೆಸರು ಬರುತ್ತದೆ, ತೀರ್ಪು ಬರುವುದಿಲ್ಲ. ಒಂದು ಪೂರ್ಣ ಸೀಸನ್ ಆದರೆ ಮಾತಾಡಬಹುದು, ಎರಡಾದರೆ ಧೈರ್ಯವಾಗಿ. ಮೂರನೇ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು), ಕೊನೆಯ ಕ್ವಾರ್ಟರ್, ಚಳಿಯ ಪಂದ್ಯ ಎಂದು ಹೋಳು ಮಾಡುತ್ತಾ ಹೋದಷ್ಟೂ ಪ್ರತಿ ಹೋಳಿನಲ್ಲಿ ಉಳಿಯುವುದು ಬರೀ ಗದ್ದಲ.

ಆರನೇ ಹಂತ: ಸಂದರ್ಭಕ್ಕೆ ಬೆಲೆ ಕಟ್ಟುವುದು

ಮೂರನೇ ಡೌನ್, ಇನ್ನೂ 12 ಯಾರ್ಡ್ ಬೇಕು. ಕ್ವಾರ್ಟರ್‌ಬ್ಯಾಕ್ ಪಕ್ಕದವನಿಗೆ ಎಸೆದ, ಎಂಟು ಯಾರ್ಡ್ ಬಂತು. ಪೂರ್ಣಗೊಂಡ ಶೇಕಡಾ ಏರಿತು, ರೇಟಿಂಗ್ ಏರಿತು, ಎಎನ್‌ವೈ/ಎ ಕೂಡ ಏರಿತು. ಆದರೆ 12 ಬಾರದ ಕಾರಣ ತಂಡ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಿತು. ಮೂರನೇ ಡೌನ್, ಮೂರು ಯಾರ್ಡ್ ಬೇಕಿದ್ದಾಗ ಬಂದ ನಾಲ್ಕು ಯಾರ್ಡ್ ಇದಕ್ಕಿಂತ ಎಷ್ಟೋ ಮೇಲು. ಯಾರ್ಡ್ ಆಧಾರಿತ ಯಾವ ಸೂತ್ರಕ್ಕೂ ಈ ವ್ಯತ್ಯಾಸ ಕಾಣದು.

ಕಾಣುವುದು ಇಪಿಎಗೆ (ಎಕ್ಸ್‌ಪೆಕ್ಟೆಡ್ ಪಾಯಿಂಟ್ಸ್ ಆ್ಯಡೆಡ್). ಡೌನ್, ಬೇಕಾದ ಯಾರ್ಡ್, ಮೈದಾನದ ಜಾಗ, ಉಳಿದ ಸಮಯ ಇವುಗಳಿಂದ ಆ ಕ್ಷಣಕ್ಕೆ ತಂಡ ನಿರೀಕ್ಷಿಸಬಹುದಾದ ಅಂಕ ಎಷ್ಟು ಎಂದು ಮಾದರಿ ಲೆಕ್ಕ ಹಾಕುತ್ತದೆ. ಆಟಕ್ಕೆ ಮುಂಚೆ 1.0 ಇದ್ದು, ಆಟದ ನಂತರ 2.5 ಆದರೆ ಆ ಆಟದ ಇಪಿಎ +1.5. ಮೇಲಿನ ಎಂಟು ಯಾರ್ಡ್‌ನ ಪಾಸ್‌ಗೆ ಇದು ಸಾಮಾನ್ಯವಾಗಿ ಋಣವೇ. ಪ್ರತಿ ಡ್ರಾಪ್‌ಬ್ಯಾಕ್‌ಗೆ (ಪಾಸ್‌ಗೆಂದು ಹಿಂದೆ ಸರಿದ ಪ್ರತಿ ಸಲಕ್ಕೆ) ಸೀಸನ್‌ನ ಸರಾಸರಿ ಸೊನ್ನೆಯ ಸುತ್ತ ಇದ್ದರೆ ಸಾಧಾರಣ, 0.2 ದಾಟಿದರೆ ಮೊದಲ ಸಾಲು, 0.3ರ ಹತ್ತಿರ ಬಂದರೆ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಮಾತು ಶುರು.

ಈ ಮಾಹಿತಿಯನ್ನು ಉಚಿತವಾಗಿ ಕೊಡುವುದು ಸೆಬಾಸ್ಟಿಯನ್ ಕಾರ್ಲ್ ಮತ್ತು ಬೆನ್ ಬಾಲ್ಡ್‌ವಿನ್ ರೂಪಿಸಿದ ಎನ್‌ಎಫ್‌ಎಲ್‌ಫಾಸ್ಟ್‌ಆರ್ ಎಂಬ ತಂತ್ರಾಂಶ. 1999ರಿಂದ ಈಚಿನ ಪ್ರತಿ ಆಟದ ವಿವರ ಅದರಲ್ಲಿದೆ. ಬಳಸುವವರು ಬೀಳುವ ಗುಂಡಿ ಒಂದೇ: ಆಟದ ಪ್ರಕಾರದ ಕಾಲಂನಲ್ಲಿ ಪಾಸ್ ಎಂದಿರುವುದನ್ನು ಮಾತ್ರ ಆರಿಸಿಕೊಳ್ಳುವುದು. ಪಾಸ್‌ಗೆಂದು ಹಿಂದೆ ಸರಿದು, ದಾರಿ ಕಾಣದೆ ತಾನೇ ಓಡಿದ ಆಟ ಅಲ್ಲಿ ರನ್ ಎಂದು ದಾಖಲಾಗಿರುತ್ತದೆ. ಓಡಬಲ್ಲ ಕ್ವಾರ್ಟರ್‌ಬ್ಯಾಕ್‌ನ ಒಳ್ಳೆಯ ಆಟಗಳೆಲ್ಲ ಹಾಗೆ ಶೋಧನೆಯಲ್ಲಿ ಉದುರಿಹೋಗುತ್ತವೆ. ಅದರ ಬದಲು ಪಾಸ್ ಎಂಬ 0–1 ಕಾಲಂನಲ್ಲಿ 1 ಇರುವುದನ್ನು ಆರಿಸಿ. ಅದರಲ್ಲಿ ಎಸೆತ, ಸ್ಯಾಕ್, ಆ ಓಟ ಮೂರೂ ಬರುತ್ತವೆ. ಗಡಿಯಾರ ನಿಲ್ಲಿಸಲು ಬೇಕೆಂದೇ ನೆಲಕ್ಕೆ ಬಡಿಯುವ ಸ್ಪೈಕ್ ಅಧಿಕೃತ ಪಟ್ಟಿಯಲ್ಲಿ ಅಪೂರ್ಣ ಪಾಸ್ ಎಂದೇ ಸೇರಿರುತ್ತದೆ, ಅದನ್ನೂ ತೆಗೆಯಿರಿ. ಗೆಲುವಿನ ಸಂಭವನೀಯತೆ 5 ಶೇಕಡಾಕ್ಕಿಂತ ಕೆಳಗೆ ಅಥವಾ 95ಕ್ಕಿಂತ ಮೇಲೆ ಇರುವ ಆಟಗಳನ್ನು ಬಿಟ್ಟರೆ, ಪಂದ್ಯ ಕೈಬಿಟ್ಟ ಮೇಲೆ ಎದುರಾಳಿ ಬೇಕೆಂದೇ ಬಿಟ್ಟುಕೊಟ್ಟ ಯಾರ್ಡ್‌ಗಳೂ ಹೋಗುತ್ತವೆ.

ಅದೇ ಮಾಹಿತಿಯಲ್ಲಿ ಸಿಪಿಒಇ (ಕಂಪ್ಲೀಷನ್ ಪರ್ಸೆಂಟೇಜ್ ಓವರ್ ಎಕ್ಸ್‌ಪೆಕ್ಟೆಡ್) ಎಂಬ ಕಾಲಂ ಸಿಗುತ್ತದೆ. ಆ ದೂರಕ್ಕೆ, ಆ ಸಂದರ್ಭದಲ್ಲಿ ಸಾಮಾನ್ಯವಾಗಿ ಎಷ್ಟು ಪಾಸ್ ಪೂರ್ಣವಾಗುತ್ತವೆ, ಈತ ಅದಕ್ಕಿಂತ ಎಷ್ಟು ಮೇಲೆ ಎಂಬ ವ್ಯತ್ಯಾಸ. ಚಿಕ್ಕ ಪಾಸ್‌ನ ಮರೆಯಲ್ಲಿ ಅಡಗಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇಪಿಎ ಮತ್ತು ಸಿಪಿಒಇ ಎರಡನ್ನೂ ಅಡ್ಡ-ಉದ್ದ ಅಕ್ಷಕ್ಕೆ ಹಾಕಿ ಒಂದು ನಕ್ಷೆ ಬಿಡಿಸಿದರೆ, ಇಪಿಎ ಎತ್ತರದಲ್ಲಿದ್ದು ಸಿಪಿಒಇ ಕೆಳಗಿರುವ ಆಟಗಾರರ ಮೇಲೆ ಅನುಮಾನ ಇಟ್ಟುಕೊಳ್ಳಿ. ಅವರ ಲಾಭದಲ್ಲಿ ದೊಡ್ಡ ಪಾಲು ಹಿಡಿದ ಮೇಲೆ ಓಡುವ ರಿಸೀವರ್‌ದೋ ತರಬೇತುದಾರನ ಯೋಜನೆಯದೋ ಇರಬಹುದು.

ಏಳನೇ ಹಂತ: ಪಟ್ಟಿಗೆ ಕಾಣದ್ದು

ಲಮಾರ್ ಜ್ಯಾಕ್ಸನ್ 2019ರಲ್ಲಿ ಎಸೆದದ್ದು 3,127 ಯಾರ್ಡ್ ಮಾತ್ರ. ಯಾರ್ಡ್ ಪಟ್ಟಿಯಲ್ಲಿ ಹುಡುಕಿದರೆ ಎಲ್ಲೋ ಕೆಳಗೆ ಸಿಗುತ್ತಾರೆ. ಆದರೆ 401 ಎಸೆತದಲ್ಲಿ 36 ಟಚ್‌ಡೌನ್, ಜೊತೆಗೆ ಓಡಿ ಗಳಿಸಿದ 1,206 ಯಾರ್ಡ್. ಎಂವಿಪಿ ಮತಗಳು ಐವತ್ತಕ್ಕೆ ಐವತ್ತೂ ಅವರಿಗೇ ಬಿದ್ದವು. ಪಾಸಿಂಗ್ ಅಂಕಿಗಳಿಂದಲೇ ಇಡೀ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುತ್ತೇನೆ ಎಂದು ಹಟ ಹಿಡಿದರೆ ಇಂಥವರು ಕೈ ತಪ್ಪುತ್ತಾರೆ.

ದಾಖಲೆ ಬರೆಯುವ ನಿಯಮಗಳಲ್ಲೂ ವಿಚಿತ್ರಗಳಿವೆ. ರಕ್ಷಕ ರಿಸೀವರ್‌ನನ್ನು ಎಳೆದು ಸಿಕ್ಕ 40 ಯಾರ್ಡ್‌ನ ಪಾಸ್ ಇಂಟರ್‌ಫಿಯರೆನ್ಸ್ ದಂಡ ಕ್ವಾರ್ಟರ್‌ಬ್ಯಾಕ್‌ಗೆ ಸೇರುವುದಿಲ್ಲ. ಆದರೆ ಅಡ್ಡ ಓಡಿ ಬರುವವನ ಕೈಗೆ ಒಂದು ಗೇಣು ಮುಂದಕ್ಕೆ ಚೆಂಡು ತಟ್ಟಿ, ಅವನು 60 ಯಾರ್ಡ್ ಓಡಿದರೆ ಅಷ್ಟೂ ಪಾಸಿಂಗ್ ಯಾರ್ಡ್. ಚೆಂಡು ಒಂದು ಗೇಣು ಹಿಂದಕ್ಕೆ ಹೋಗಿದ್ದರೆ ಅದೇ ಆಟ ರನ್.

ಗೆಲುವು-ಸೋಲನ್ನು ಕ್ವಾರ್ಟರ್‌ಬ್ಯಾಕ್‌ನ ಖಾತೆಗೆ ಬರೆಯುವ ಅಭ್ಯಾಸವನ್ನು ಬಿಟ್ಟುಬಿಡುವುದೇ ಒಳ್ಳೆಯದು. ಮ್ಯಾನಿಂಗ್ ಅವರ ಎರಡು ವರ್ಷ ಸಾಕು ಇದಕ್ಕೆ. 2013ರಲ್ಲಿ 115.1 ರೇಟಿಂಗ್, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಎದುರು 43–8ರ ಸೋಲು. 2015ರಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್, ರೇಟಿಂಗ್ 67.9, ಸೂಪರ್ ಬೌಲ್ ಗೆಲುವು. ಆ ಟ್ರೋಫಿ ತಂದದ್ದು ವಾನ್ ಮಿಲ್ಲರ್ ಮುಂದಿದ್ದ ರಕ್ಷಣಾ ಪಡೆ.

ಎಂಟನೇ ಹಂತ: ಕಾಲ ಬೇರೆಯಾದರೆ ಅಳತೆಯೂ ಬೇರೆ

ರೇಟಿಂಗ್ ಸೂತ್ರ ಮಾಡಿದವರು 50 ಶೇಕಡಾ ಪೂರ್ಣ, ಎಸೆತಕ್ಕೆ 7 ಯಾರ್ಡ್, 5 ಶೇಕಡಾ ಟಚ್‌ಡೌನ್, 5.5 ಶೇಕಡಾ ಇಂಟರ್‌ಸೆಪ್ಷನ್ ಎಂಬುದನ್ನು ಸರಾಸರಿ ಎಂದು ಹಿಡಿದರು. ಪ್ರತಿ ಭಾಗಕ್ಕೆ 1.0 ಬಂದು ರೇಟಿಂಗ್ 66.7 ಆಗುತ್ತದೆ. ಈಗ ಎಸೆತಕ್ಕೆ ಯಾರ್ಡ್ ಹೆಚ್ಚುಕಡಿಮೆ ಅಲ್ಲೇ ಇದೆ. ಪೂರ್ಣಗೊಳ್ಳುವ ಪ್ರಮಾಣ 65ರ ಹತ್ತಿರ ಹೋಗಿದೆ, ಇಂಟರ್‌ಸೆಪ್ಷನ್ ಅರ್ಧಕ್ಕಿಂತ ಕೆಳಗಿಳಿದಿದೆ, ಲೀಗ್‌ನ ಸರಾಸರಿ ರೇಟಿಂಗ್ 90ರ ಸುತ್ತ. 1978ರ ನಿಯಮ ಬದಲಾವಣೆ ಐದು ಯಾರ್ಡ್ ಆಚೆ ರಿಸೀವರ್‌ನನ್ನು ಮುಟ್ಟದಂತೆ ರಕ್ಷಕರ ಕೈ ಕಟ್ಟಿತು, ಆಕ್ರಮಣ ಸಾಲಿನವರಿಗೆ ಕೈ ಚಾಚಿ ತಡೆಯಲು ಬಿಟ್ಟಿತು. ಚಿಕ್ಕ, ಬೇಗದ ಪಾಸ್‌ಗಳ ಆಟ ಆಮೇಲೆ ಬೆಳೆಯಿತು.

ಆದ್ದರಿಂದ 1984ರ ಡ್ಯಾನ್ ಮರಿನೊ ಅವರ 108.9ನ್ನು ಇಂದಿನ 108.9ರ ಪಕ್ಕ ಇಡಬೇಡಿ. ಆತನ ಎಎನ್‌ವೈ/ಎಯಿಂದ ಆ ವರ್ಷದ ಲೀಗ್ ಸರಾಸರಿ ಕಳೆಯಿರಿ, ಉಳಿದ ವ್ಯತ್ಯಾಸವನ್ನು ಹೋಲಿಸಿ. 5,084 ಯಾರ್ಡ್, 48 ಟಚ್‌ಡೌನ್, 17 ಇಂಟರ್‌ಸೆಪ್ಷನ್, 13 ಸ್ಯಾಕ್‌ನಲ್ಲಿ 120 ಯಾರ್ಡ್, 564 ಎಸೆತ: 8.94 ಬರುತ್ತದೆ. ಮ್ಯಾನಿಂಗ್ ಅವರ 2013ಕ್ಕಿಂತ ಮೇಲೆ, ಅದೂ ಪಾಸ್ ಎಸೆಯುವುದು ಇನ್ನೂ ಕಷ್ಟವಿದ್ದ ಕಾಲದಲ್ಲಿ. ಕಳೆಯುವ ಕೆಲಸ ಬೇಡದವರು ಪ್ರೋ ಫುಟ್‌ಬಾಲ್ ರೆಫರೆನ್ಸ್ ಜಾಲತಾಣದ ಹೊಂದಿಸಿದ ಪಾಸಿಂಗ್ ಪಟ್ಟಿ ನೋಡಬಹುದು. ಅಲ್ಲಿ 100 ಎಂದರೆ ಆಯಾ ಕಾಲದ ಸರಾಸರಿ.

ಕಾಲೇಜು ಆಟಗಾರರಿಗೆ ಈ ಲೆಕ್ಕ ಹಾಕುವ ಮೊದಲು

ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುನ್ನ ಕಾಲೇಜು ಅಂಕಿಗಳನ್ನು ಹಿಡಿದು ಕೂರುವವರಿಗೆ ಎರಡು ಎಚ್ಚರಿಕೆ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ರೇಟಿಂಗ್ ಬೇರೆಯದೇ ಸೂತ್ರ: ಯಾರ್ಡ್ × 8.4 + ಟಚ್‌ಡೌನ್ × 330 + ಪೂರ್ಣ ಪಾಸ್ × 100 − ಇಂಟರ್‌ಸೆಪ್ಷನ್ × 200, ಎಲ್ಲವನ್ನೂ ಎಸೆತದಿಂದ ಭಾಗಿಸಿದ್ದು. ಭಾಗಗಳಿಗೆ ಮೇಲ್ಮಿತಿಯಿಲ್ಲ, 170–180 ಕಂಡರೆ ಗಾಬರಿ ಬೇಡ. ಇನ್ನೊಂದು, ಕಾಲೇಜಿನಲ್ಲಿ ಸ್ಯಾಕ್ ಯಾರ್ಡ್‌ಗಳನ್ನು ಕ್ವಾರ್ಟರ್‌ಬ್ಯಾಕ್‌ನ ಓಟದಿಂದ ಕಳೆಯುತ್ತಾರೆ. 60 ಸಲ ಓಡಿ ಮೈನಸ್ 80 ಯಾರ್ಡ್ ಎಂದಿರುವ ಹುಡುಗ ಓಡಲಾರದವನೇ ಆಗಬೇಕಿಲ್ಲ, ಓಟದ ಲಾಭವನ್ನು ಸ್ಯಾಕ್ ತಿಂದಿರಬಹುದು. ಸ್ಯಾಕ್ ಸಂಖ್ಯೆ ಮತ್ತು ಯಾರ್ಡ್ ಬೇರೆ ಮಾಡಿ ಕೊಟ್ಟ ಆಟವಾರು ಪಟ್ಟಿ ಸಿಗುವವರೆಗೆ ಎಎನ್‌ವೈ/ಎ ಹಾಕಬೇಡಿ. ಸಿಕ್ಕ ಮೇಲೆ ಓಟದ ಲೆಕ್ಕದಿಂದ ಅವನ್ನು ಕಿತ್ತು ಪಾಸಿಂಗ್ ಲೆಕ್ಕಕ್ಕೆ ತಂದು, ಮೇಲಿನ ಎರಡನೇ ಹಂತದ ಸೂತ್ರವನ್ನೇ ಬಳಸಿ.